ಬಣ್ಣ ತಿನ್ನುವ ಬೂಷ್ಟು

ಬಣ್ಣದ ಕಾರ್ಖಾನೆಯ ಹಿಂದಿನ ಮನೆ,
ಫೆಬ್ರವರಿ ೨೦, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೊರಟೆ, ಕೈ ಕೇಳಲಿಲ್ಲ. ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರಬೇಡ ಎಂದರೆ ನೀನು ಕೇಳುವವಳಲ್ಲ. ಪುಟ್ಟಿಯ ಮುಂದಿನ ಹಲ್ಲು ಬಿತ್ತೆಂದು ಬರೆದಿದ್ದೆ. ಹೊಸದು ಬಂತೋ, ಇನ್ನೂ ಬೊಚ್ಚುಬಾಯಿಯೋ? ನನ್ನ ಮೊಣಕಾಲು ಎಂದಿನಂತೆ ಮೊಂಡು ಹಿಡಿದಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಆ ಮೇಷ್ಟರ ವಿಷಯ ಬರೆದು, "ಅತ್ತೆ, ನೀವು ಹೂಂ ಅಂದ್ರೆ ಮಾತ್ರ ಅವರನ್ನ ಮದ್ವೆ ಆಗ್ತೀನಿ, ಇಲ್ಲಾಂದ್ರೆ ಇಲ್ಲ" ಎಂದು ಕೇಳಿದ್ದೆ. ಉತ್ತರವಿಲ್ಲದ್ದಕ್ಕೆ ಮುದುಕಿಗೆ ಸಿಟ್ಟು ಬಂದಿದೆ ಎಂದುಕೊಂಡಿರುತ್ತೀಯ. ಸಿಟ್ಟಲ್ಲ. ಬರೆಯಲು ಕೂತಾಗಲೆಲ್ಲ ನನ್ನ ಮಗ ಬೆನ್ನ ಹಿಂದೆ ನಿಂತು ಓದುತ್ತಿದ್ದಾನೆ ಎನ್ನಿಸಿ ಪೆನ್ನು ಕೆಳಗಿಡುತ್ತಿದ್ದೆ. ಮೊದಲು ಇಲ್ಲಿಯ ಸುದ್ದಿ ಹೇಳುತ್ತೇನೆ, ಕೇಳು.

ಅವನು ಹೋದ ಮೇಲೆ ಅವನ ಕೆಲಸವನ್ನೇ ನನಗೆ ಕೊಟ್ಟರಲ್ಲ, ಅದನ್ನೇ ಮಾಡಿಕೊಂಡಿದ್ದೇನೆ. ಬಟ್ಟೆಗೆ ಬಣ್ಣ ಹಾಕಿ ಉಳಿದ ನೀರು, ಕೆಂಪೆಂದರೆ ಕೆಂಪು, ಕಾರ್ಖಾನೆಯ ಹಿಂದಿನ ಡ್ರಮ್ಮುಗಳಿಗೆ ಬರುತ್ತದೆ. ಡ್ರಮ್ಮಿನೊಳಗೆ ಹುಲ್ಲಿನ ಮೇಲೆ ಬೆಳೆಸಿದ ಬೂಷ್ಟಿನ ಹಾಸು. ನೀರು ಅದರೊಳಗಿಂದ ಇಳಿಯುವಾಗ ಬಣ್ಣವನ್ನೂ ಬಣ್ಣದೊಳಗಿನ ವಿಷವನ್ನೂ ಅದು ತಿಂದುಹಾಕುತ್ತದೆ. ಎಂಜಿನಿಯರಮ್ಮ ಅದಕ್ಕೆ ಶಿಲೀಂಧ್ರ ಎನ್ನುತ್ತಾಳೆ. ನಿನ್ನ ಗಂಡ ಬಿಳಿಯ ಎನ್ನುತ್ತಿದ್ದ. ನಮ್ಮ ಬಚ್ಚಲಿನ ಬಾಗಿಲ ಚೌಕಟ್ಟು ಕೊಳೆತಾಗ ಅದರ ಮೇಲೆ ಬೆಳೆದದ್ದನ್ನು ಕೆರೆದು, "ಮರ ತಿನ್ನೋದು ಬಣ್ಣ ತಿನ್ನಲ್ವಾ?" ಎನ್ನುತ್ತಾ ಊಟದ ಡಬ್ಬಿಯಲ್ಲೇ ಹಾಕಿಕೊಂಡು ಹೋದವನು ಅವನು. ಆ ಡಬ್ಬಿಗಾಗಿ ನೀನು ಎರಡು ದಿನ ಮಾತು ಬಿಟ್ಟಿದ್ದೆ. ಅದು ನಿಜಕ್ಕೂ ತಿಂದಿತು. ಕೆಂಪು ಕುಡಿದ ಹಾಸು ಕೆಲವೇ ದಿನಗಳಲ್ಲಿ ಮತ್ತೆ ಬೆಳ್ಳಗಾಗುತ್ತಿತ್ತು. ಹಳೆಯದರಿಂದ ಒಂದು ಹಿಡಿ ತೆಗೆದು, ಬೇಯಿಸಿ ಆರಿಸಿದ ಹೊಸ ಹುಲ್ಲಿಗೆ ಬೆರೆಸಿದರೆ ಸಾಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದು ಮುಂದುವರಿಯುತ್ತದೆ. ಅವನ ನಂತರ ಆ ಹೆಪ್ಪು ನನ್ನ ಕೈಗೆ ಬಂತು. ನೀನೂ ಪುಟ್ಟಿಯೂ ನಿನ್ನ ಅಣ್ಣನ ಮನೆಗೆ ಹೊರಟ ಮೇಲೆ, ಅವನು ಬೆಳೆಸಿದ್ದರಲ್ಲಿ ನನ್ನ ಹತ್ತಿರ ಉಸಿರಾಡುತ್ತಿದ್ದದ್ದು ಅದೊಂದೇ.

ಅವನು ಇಳಿದ ನೆಲತೊಟ್ಟಿ ಡ್ರಮ್ಮುಗಳ ಪಕ್ಕದಲ್ಲೇ ಇದೆ. ಕಟ್ಟಿಕೊಂಡ ಪಂಪು ಬಿಡಿಸಲು ಇಳಿದ, ಒಳಗೆ ಗಾಳಿ ಕೆಟ್ಟಿತ್ತು, ಮೇಲೆ ಬರಲಿಲ್ಲ. ಅದನ್ನು ನಿನಗೆ ಮತ್ತೆ ಹೇಳುವುದು ಬೇಡ. ಈಗ ಅದಕ್ಕೆ ಕಬ್ಬಿಣದ ಮುಚ್ಚಳ ಬೆಸೆದಿದ್ದಾರೆ. ಮುಚ್ಚಳದ ಮೇಲೆ ಯಾರೂ ಕಾಲಿಡುವುದಿಲ್ಲ; ಎಲ್ಲರೂ ಬಳಸಿಕೊಂಡು ಓಡಾಡಿ ಸುತ್ತಲಿನ ಹುಲ್ಲಿನಲ್ಲಿ ದಾರಿಯೇ ಬಿದ್ದಿದೆ. ವಾಲ್ವು ತಿರುಗಿಸುವಾಗ ನಾನೂ ಅವನಂತೆಯೇ "ಬಿಳಿಯಾ, ಊಟ ಬಂತು" ಎನ್ನುತ್ತಿದ್ದೆ. ಮುಚ್ಚಳದ ಕೆಳಗಿನಿಂದ "ಬಂದೆ" ಎಂದಂತಾಗುತ್ತಿತ್ತು. ಪೈಪಿನೊಳಗಿನ ಗಾಳಿಯ ಸದ್ದು ಎಂದು ಗೊತ್ತು. ಗೊತ್ತಿದ್ದೂ ದಿನಾ ಅದಕ್ಕಾಗಿ ಕಾಯುತ್ತಿದ್ದೆ. ಇನ್ನೊಂದು ಮಾತು, ಬೈಯಬೇಡ. ಅದರಲ್ಲಿ ಒಂದು ಹಿಡಿಯನ್ನು ಮನೆಗೂ ತಂದು, ಅವನ ಮಂಚದ ಕೆಳಗೆ ಒದ್ದೆ ಹುಲ್ಲಿನ ಬುಟ್ಟಿಯಲ್ಲಿಟ್ಟಿದ್ದೆ. ಅದು ಮಂಚದ ಕಾಲು ಹತ್ತಿತು, ಅವನ ಚಪ್ಪಲಿಗಳನ್ನು ಮುಚ್ಚಿತು, ಗೋಡೆಗೆ ಒರಗಿಸಿಟ್ಟ ಹಲಗೆಯ ಮೇಲೆ ಆಳೆತ್ತರ ಬೆಳೆಯಿತು. ಬೆಳಗಿನ ಮಬ್ಬಿನಲ್ಲಿ ಕೋಣೆಯ ಬಾಗಿಲು ತೆರೆದರೆ ಬಿಳಿ ಅಂಗಿ ತೊಟ್ಟ ಒಬ್ಬರು ಗೋಡೆಗೆ ಒರಗಿ ನಿಂತಂತೆ ಕಾಣುತ್ತಿತ್ತು. ಪಕ್ಕದ ಮನೆಯವಳು ಮೂಗು ಮುಚ್ಚಿಕೊಂಡು, "ಮನೇನೇ ತಿಂದುಹಾಕುತ್ತೆ ಇದು, ಕೆರೆದು ಬಿಸಾಕಿ" ಎಂದಳು. ತಿನ್ನಲಿ ಬಿಡು ಎಂದೆ. ಆ ಆಕಾರ ನೋಡಿ ನನಗೆ ಭಯವಾಗಲಿಲ್ಲ ಮಗಳೇ. ಭಯವಾಗಲಿಲ್ಲವಲ್ಲ ಎಂದು ಆಮೇಲೆ ಭಯವಾಯಿತು.

ಈ ಚಳಿಗಾಲದಲ್ಲಿ ಡ್ರಮ್ಮಿನ ಹಾಸು ಬೆಳ್ಳಗಾಗುವುದನ್ನು ನಿಲ್ಲಿಸಿತು. ಕೆಂಪು ಕುಡಿದದ್ದು ಕೆಂಪಾಗಿಯೇ ಉಳಿಯಿತು. ಕೆಳಗೆ ಬರುವ ನೀರು ಮಾತ್ರ ತಿಳಿ. ಗಾಜಿನ ಲೋಟದಲ್ಲಿ ಹಿಡಿದು ನೋಡಿದವರೆಲ್ಲ ಸರಿಯಿದೆ ಎಂದರು, ನಾನೂ ತಲೆಯಾಡಿಸಿದೆ. ಚಳಿಗೆ ಮಂಕಾಗಿರಬೇಕೆಂದು ಡ್ರಮ್ಮಿಗೆ ಗೋಣಿ ಹೊದಿಸಿದೆ, ತೌಡು ಹಾಕಿದೆ, ಸಕ್ಕರೆ ನೀರು ಕುಡಿಸಿದೆ, ಜ್ವರ ಬಂದ ಮಗುವಿಗೆ ಮಾಡುವುದನ್ನೆಲ್ಲ ಮಾಡಿದೆ. ಹೋದ ವಾರ ಎಂಜಿನಿಯರಮ್ಮ ಒಂದು ತುಂಡು ಕಿತ್ತು ನನ್ನ ಕೈಗಿಟ್ಟು, ಹಿಂಡಿ ಎಂದಳು. ಹಿಂಡಿದೆ. ಕೈಗವಸಿನ ಮೇಲೆ ಮೊಣಕೈವರೆಗೂ ಕೆಂಪು ಇಳಿಯಿತು. "ಇದು ತಿಂತಾ ಇಲ್ಲಮ್ಮಾ, ಬರೀ ಹಿಡ್ಕೊಂಡಿದೆ. ತುಂಬಿದ ದಿನ ಎಲ್ಲಾನೂ ಹೊರಗೆ ಬಿಡುತ್ತೆ" ಎಂದಳು. ಹಳೆಯ ಹೆಪ್ಪಿನಿಂದಲೇ ಮತ್ತೆ ಮತ್ತೆ ಬೆಳೆಸಿದರೆ ಕಸುವು ಇಳಿಯುತ್ತದಂತೆ. ಇದನ್ನೆಲ್ಲ ಹಬೆಯಲ್ಲಿ ಬೇಯಿಸಿ ಕೊಂದು, ಬೇರೆ ಕಡೆಯಿಂದ ಹೊಸದನ್ನು ತರಿಸಿ ಹಾಕಬೇಕಂತೆ. ಹೊಸದರ ಜೊತೆ ಇದರದೊಂದು ಹಿಡಿಯಾದರೂ ಇರಲಿ ಎಂದು ಬೇಡಿಕೊಂಡೆ. "ಇದನ್ನ ಬೆರೆಸಿದ್ರೆ ಹೊಸದಕ್ಕೆ ಬೇರೂರೋಕೆ ಜಾಗವೇ ಸಿಗಲ್ಲಮ್ಮಾ" ಎಂದು ಮೆಲ್ಲಗೆ ಹೇಳಿದಳು. ಪಾಪ, ಅವಳ ಕಣ್ಣಲ್ಲೂ ನೀರಿತ್ತು. ಈ ನೀರು ಹೋಗಿ ಸೇರುವ ಕಾಲುವೆಯ ಕೆಳಗಡೆ ಬಾವಿಗಳಿವೆ, ಆ ಬಾವಿಗಳ ನೀರು ಕುಡಿದು ಬೆಳೆಯುವ ಪುಟ್ಟಿಯಂಥ ಮಕ್ಕಳಿದ್ದಾರೆ. ನಾನು ಯಾವ ಬಾಯಲ್ಲಿ ಜಗಳವಾಡಲಿ?

ನಿನ್ನೆ ಹಬೆಯ ಪೆಟ್ಟಿಗೆಗೆ ನಾನೇ ತುಂಬಿದೆ, ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಮನೆಯ ಬುಟ್ಟಿ, ಚಪ್ಪಲಿ, ಹಲಗೆ, ಮಂಚ, ಎಲ್ಲವನ್ನೂ ಕೈಗಾಡಿಯಲ್ಲಿ ಹೇರಿಕೊಂಡು ಹೋಗಿದ್ದೆ. ಹಬೆ ಬಿಟ್ಟಾಗ ನೆನೆದ ಮರದ ವಾಸನೆ ಬಂತು, ಅಷ್ಟೇ. ಇಷ್ಟು ಸುಲಭವೇ ಎಂದು ಅಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತುಬಿಟ್ಟೆ. ಅವನು ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಇವತ್ತು ಬೆಳಿಗ್ಗೆ, ಹೊರಗಿನಿಂದ ತರಿಸಿ ಡ್ರಮ್ಮಿಗೆ ಹಾಕಿದ ಹೊಸ ಹಾಸಿನ ಮೇಲೆ ನೀರು ಬಿಟ್ಟೆ. ಅಭ್ಯಾಸಬಲ, ಊಟ ಬಂತು ಎಂದೆ. ಮುಚ್ಚಳದ ಕೆಳಗಿನಿಂದ ಯಾರೂ ಓಗೊಡಲಿಲ್ಲ. ಕಿವಿಗೊಟ್ಟು ಬಹಳ ಹೊತ್ತು ನಿಂತಿದ್ದೆ. ಮನೆಗೆ ಬಂದು ನೋಡಿದರೆ, ಹಲಗೆ ಒರಗಿಸಿದ್ದ ಕಡೆ ಗೋಡೆಯ ಮೇಲೆ ಆಳೆತ್ತರದ ಕಲೆ ಹಾಗೆಯೇ ಇದೆ, ಉಜ್ಜಿದರೂ ಹೋಗುತ್ತಿಲ್ಲ. ಸುಣ್ಣ ಹೊಡೆಸಬೇಕು.

ನಿನ್ನ ಅಣ್ಣ ಅತ್ತಿಗೆಯರನ್ನು ಕೇಳಿದೆನೆಂದು ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ತಲೆಯ ಮೇಲೆ ನನ್ನ ಕೈ ಯಾವಾಗಲೂ ಇದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂರು.

ಇಂತಿ,
ನಿನ್ನ ಅತ್ತೆ

ಮರೆತ ಮಾತು: ಸೈರನ್ ಆಯಿತು, ಕೆಲಸಕ್ಕೆ ಓಡಬೇಕು. ನೀನು ಕೇಳಿದ್ದಕ್ಕೆ, ಹೂಂ. ಆ ಮೇಷ್ಟರನ್ನು ಮದುವೆಯಾಗು. ಪುಟ್ಟಿ ಅವರನ್ನು ಅಪ್ಪ ಎಂದು ಕರೆದರೆ ಕರೆಯಲಿ, ನನ್ನ ಮುಖ ನೆನೆದು ತಡೆಯಬೇಡ. ಅವರಿಗೆ ತಾಯಿ ಇದ್ದಾರಂತಲ್ಲ, ಅವರನ್ನು ಅಜ್ಜಿ ಎನ್ನಲಿ. ನನ್ನನ್ನು ಇನ್ನು ಏನೆಂದು ಕರೆಯುತ್ತಾಳೋ ಅವಳನ್ನೇ ಕೇಳಿ ಬರೆ.