ಕಾಬಾಳೆಯ ಗಡಿ

ಕೊಯಿಲ,
11-7-1983

ಪ್ರೀತಿಯ ಮಗ ಚನಿಯಾ,

ಹೇಗಿದ್ದಿ? ಕಳೆದ ಸಲ ನಾನು ಬಳ್ಳಾರಿಗೆ ಬಂದಾಗ ನಿನಗೆ ಕೆಮ್ಮು ಇತ್ತು, ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಈಗ ಗುಣವಾಯಿತೇ? ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಮೊದಲ ವರ್ಷ ಅತ್ತಿದ್ದಿ. ಇನ್ನು ಊರಿಗೆ ಬಂದ ಮೇಲೆ ನಮ್ಮ ಕುಚ್ಚಲಕ್ಕಿ ಗಂಜಿ ಸೇರದೆ ರೊಟ್ಟಿಯೇ ಬೇಕೆಂದರೆ ನಾನು ಎಲ್ಲಿಗೆ ಹೋಗಲಿ ಮಾರಾಯ? ಬಟ್ಟೆ ಒಗೆಯುವ ಸಾಬೂನು ಮೈಗೆ ಹಾಕಬೇಡ, ಚರ್ಮ ಒಡೆಯುತ್ತದೆ. ಇಲ್ಲಿ ನನ್ನ ಮೊಣಕಾಲು ನೋವೊಂದನ್ನು ಬಿಟ್ಟರೆ ಎಲ್ಲರೂ ಕ್ಷೇಮ. ಸೊಸೆ ಪಂಕಜಾಕ್ಷಿ ದನದ ಫಾರ್ಮಿಗೆ ಹುಲ್ಲು ಕೊಯ್ಯಲು ಹೋಗುತ್ತಿದ್ದಾಳೆ. ನಿನ್ನ ಮಗಳು ಸೀತುವಿಗೆ ಮೂರೂವರೆ ವರ್ಷವಾಯಿತು. ಮೂಗು ನಿನ್ನದೇ, ಸಿಟ್ಟು ನನ್ನದು.

ಪ್ರತಿ ಸಲ ಪಂಕಜಾಕ್ಷಿ ಬರೆಯುತ್ತಿದ್ದಳು, ನಾನು ಪಕ್ಕದಲ್ಲಿ ಕುಳಿತು ಹೇಳುತ್ತಿದ್ದೆ. ಈ ಸಲ ಅವಳು ಕೆಲಸಕ್ಕೆ ಹೋದ ಹೊತ್ತು ನೋಡಿ ನಾನೇ ಕುಳಿತಿದ್ದೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ನಗಬೇಡ. ಕಾಗದವನ್ನು ಜೈಲಿನವರು ಮೊದಲು ಓದುತ್ತಾರಂತೆ. ಓದಲಿ.

ಬರುವ ತಿಂಗಳು ನಿನ್ನನ್ನು ಬಿಡುತ್ತಾರೆಂದು ಕೇಳಿದಾಗ ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. ಸರಳಿನ ಆಚೆ ನಿಂತು ನೀನು ಹೇಳಿದ ಮಾತು ಕಿವಿಯಲ್ಲೇ ಉಂಟು: "ಅವ್ವಾ, ಅವನಿಗೆ ಇನ್ನೊಂದು ಕೈ ಉಂಟಲ್ಲ, ಅದು ಬಾಕಿ." ಬೋಜಪ್ಪ ನಿನ್ನ ಅಪ್ಪನ ಒಡಹುಟ್ಟಿದ ತಮ್ಮ, ನೀನು ಚಿಕ್ಕಪ್ಪ ಎಂದು ಕರೆಯಬೇಕಾದವನು. ಅವನ ಎರಡನೆಯ ಕೈಯನ್ನೂ ಕಡಿಯುತ್ತೇನೆ ಎಂದು ನೀನು ಹಲ್ಲು ಕಚ್ಚಿ ಹೇಳಿದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಹೆಮ್ಮೆಯೇ ಆಗಿತ್ತು. ತಾಯಿಗೆ ಆಡಿದ ಮಾತಿಗೆ ಮಗ ಜೈಲಿನಲ್ಲಿ ಕುಳಿತೂ ಕುದಿಯುತ್ತಿದ್ದಾನೆ ಎಂದು ಬಸ್ಸಿನಲ್ಲಿ ಬರುವ ಉದ್ದಕ್ಕೂ ಎದೆ ಉಬ್ಬಿಸಿಕೊಂಡೇ ಬಂದೆ.

ನಿನಗೆ ನೆನಪಿದೆಯೋ ಇಲ್ಲವೋ, ನೀನು ಆಗ ಚಡ್ಡಿ ಹಾಕುವ ಪ್ರಾಯದವ. ಪಾಲಾಗುವಾಗ ಊರಿನ ಹಿರಿಯರು ಅಂಗಳದ ನಡುವೆ ಗಡಿಕಲ್ಲು ಹಾಕಿ ಎಂದರು. ನಿನ್ನ ಅಪ್ಪ ಒಪ್ಪಲಿಲ್ಲ. "ತಮ್ಮನಿಗೂ ನನಗೂ ನಡುವೆ ಕಲ್ಲಾ? ಮುಳ್ಳಿನ ಬೇಲಿಯೂ ಬೇಡ. ಹೂ ಇರ್ಲಿ" ಎಂದರು. ಅವರು ಫಾರ್ಮಿನಲ್ಲಿ ತೋಟದ ಕೆಲಸಕ್ಕಿದ್ದರಲ್ಲ, ಡಾಕ್ಟರ ಕ್ವಾರ್ಟರ್ಸಿನ ಎದುರಿನಿಂದ ಕಾಬಾಳೆ ಗೆಡ್ಡೆ ಕೇಳಿ ತಂದರು. ಒಂದು ಚೀಲ ತುಂಬ. ಅವರು ಗುಂಡಿ ತೋಡಿದ ಹಾಗೆ ಬೋಜಪ್ಪ ಒಂದೊಂದೇ ಗೆಡ್ಡೆ ಎತ್ತಿ ಕೊಟ್ಟ. ಹಲಸಿನ ಬುಡದಿಂದ ಕೊಟ್ಟಿಗೆಯ ಮೂಲೆಯವರೆಗೆ ನೇರ ಸಾಲು. ಆ ವರ್ಷ ಕೆಂಪು, ಹಳದಿ, ಹಳದಿಯ ಮೇಲೆ ಕೆಂಪು ಚುಕ್ಕೆಯದ್ದು, ಎಲ್ಲ ಒಟ್ಟಿಗೆ ಅರಳಿದವು. ಬಾಳೆಯಂಥ ಎಲೆ, ಆಳೆತ್ತರದ ದಂಟು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಬಾವಿ ಮಾತ್ರ ಬೋಜಪ್ಪನ ಪಾಲಿಗೆ ಹೋಯಿತು, ಸಾಲಿನಿಂದ ಆಚೆಗೆ ಹತ್ತು ಹೆಜ್ಜೆ. ನೀರು ಇಬ್ಬರಿಗೂ ಎಂದು ಮಾತಾಗಿತ್ತು. ಆದರೆ ನಿನ್ನ ಅಪ್ಪ ತೀರಿಕೊಂಡು ವರ್ಷ ತುಂಬುವುದರೊಳಗೆ ಬೋಜಪ್ಪನ ಹೆಂಡತಿ ದೇವಮ್ಮ ನನಗೆ ಹೇಳಿದಳು: "ಅಕ್ಕಾ, ಬಾವಿಗೆ ಬರುವಾಗ ಕೊಡ ತೊಳ್ದು ತನ್ನಿ." ನಾನು ದಿನಾ ಹುಣಸೆಹುಳಿ ಹಾಕಿ ತಿಕ್ಕುವ ಕೊಡ! ಅದೇ ಕೊಡದಲ್ಲಿ ಅವಳ ಮೂಗು ಜಜ್ಜಬೇಕು ಎಂದು ಕಂಡಿತು. ಜಜ್ಜಲಿಲ್ಲ. ಆ ಮಾತನ್ನು ಮಾತ್ರ ಇವತ್ತಿನವರೆಗೂ ನುಂಗಲಾಗಲಿಲ್ಲ.

ಮತ್ತೆ ನಾಲ್ಕು ವರ್ಷದ ಹಿಂದಿನ ಆ ಆಟಿ ತಿಂಗಳ ದಿನ. ಬೆಳಿಗ್ಗೆ ನಾನು ಹೊರಗೆ ಬಂದಾಗ ಬೋಜಪ್ಪ ಗುದ್ದಲಿ ಹಿಡಿದು ಕಾಬಾಳೆಯ ಸಾಲನ್ನು ಬುಡಸಮೇತ ಕಿತ್ತು ಎರಡು ಮೊಳ ನಮ್ಮ ಕಡೆಗೆ ನೆಡುತ್ತಿದ್ದ. ಅರ್ಧ ಸಾಲು ಆಗಿಹೋಗಿತ್ತು. ನಾನು ಹತ್ತಿರ ಹೋದೆ. ಅವನು ತಲೆಯೆತ್ತಿ ನೋಡಿ ಒಂದು ಮಾತು ಹೇಳಿದ. ನನ್ನ ಮೈಯ ರಕ್ತವೆಲ್ಲ ಮುಖಕ್ಕೆ ಬಂತು. ನಾನು ಬೊಬ್ಬೆ ಹಾಕಿದೆ. ನೀನು ಕೊಟ್ಟಿಗೆಯ ಹಿಂದೆ ಸೊಪ್ಪು ಸವರುತ್ತಿದ್ದವ ಕತ್ತಿ ಹಿಡಿದೇ ಓಡಿ ಬಂದಿ. "ಎಂತ ಹೇಳಿದ ಅವ?" ಎಂದು ಕೇಳಿದಿ. ನಾನು "ಹೇಳ್ಲಿಕ್ಕೆ ಆಗದ ಮಾತು ಮಗಾ" ಎಂದೆ. ಮತ್ತೆ ನೀನು ಕೇಳಲಿಲ್ಲ. ಅವನು ಎಡಗೈಯನ್ನು ನೆಲಕ್ಕೆ ಊರಿ, ಬಲಗೈಯಲ್ಲಿ ಗೆಡ್ಡೆ ಹಿಡಿದು ಏಳುತ್ತಿದ್ದ. ಒಂದೇ ಏಟು. ಕೈ ಅಂಗಳದಲ್ಲಿ ಬಿತ್ತು, ಬಿದ್ದ ಮೇಲೂ ಬೆರಳು ಗೆಡ್ಡೆಯನ್ನು ಬಿಟ್ಟಿರಲಿಲ್ಲ. ದೇವಮ್ಮ ಸೀರೆ ಹರಿದು ಕಟ್ಟಿದಳು, ಕಟ್ಟಿದಷ್ಟೂ ಚಿಮ್ಮುತ್ತಿತ್ತು. ಫಾರ್ಮಿನ ಜೀಪಿನಲ್ಲಿ ಪುತ್ತೂರಿಗೆ ಹೊತ್ತುಕೊಂಡು ಹೋದರು. ಜೀವ ಉಳಿಯಿತು. ನೀನು ಕತ್ತಿಯನ್ನು ಜಗಲಿಯಲ್ಲಿಟ್ಟು ಪೊಲೀಸರು ಬರುವವರೆಗೆ ನನ್ನ ಪಕ್ಕದಲ್ಲೇ ಕುಳಿತಿದ್ದಿ. ಮಂಗಳೂರಿನ ಕೋರ್ಟಿನಲ್ಲಿ ವಕೀಲರು ಆ ಮಾತು ಏನೆಂದು ಕೇಳಿದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ವಿಧವೆ ಹೆಂಗಸು, ಹೇಳಲು ನಾಚುತ್ತಾಳೆ ಎಂದರು. ಅದರಿಂದಲೇ ನಿನಗೆ ಶಿಕ್ಷೆ ಕಡಿಮೆಯಾಯಿತಂತೆ.

ನೀನು ಹೋದ ಮೇಲೆ ಇಲ್ಲಿ ನಡೆದದ್ದನ್ನೆಲ್ಲ ಪಂಕಜಾಕ್ಷಿ ಬರೆಯಲಿಲ್ಲ, ನಾನೇ ಬೇಡ ಎಂದಿದ್ದೆ. ಬೋಜಪ್ಪ ಕಿತ್ತದ್ದನ್ನು ನಾನು ಪುನಃ ಮೊದಲಿದ್ದಲ್ಲೇ ನೆಟ್ಟೆ. ಅವನ ಮಗ ಸೀನ ಬಂದು ಇಡೀ ಸಾಲನ್ನು ಕೊಚ್ಚಿ ಹಾಕಿದ. ಅಂಗಳ ತುಂಬ ಕೆಂಪು ಎಸಳು, ಅದನ್ನು ಕತ್ತಲಾಗುವವರೆಗೆ ಗುಡಿಸಿದೆ. ಅದು ಸಾಲದೆ ನಮ್ಮ ಕೆಂಪಿ ದನದ ಹಿಂಗಾಲಿಗೆ ಕತ್ತಿ ಬೀಸಿದ. ದನ ಮೂರು ದಿನ ನರಳಿ ಸತ್ತಿತು. ನಾನು ಸುಮ್ಮನೆ ಇರುವವಳೇ? ಸೌದೆ ಕೊಳ್ಳಿಯಲ್ಲಿ ಅವನ ಬಾಯಿಗೇ ಹೊಡೆದೆ, ಎರಡು ಹಲ್ಲು ನಮ್ಮ ಮೆಟ್ಟಿಲ ಮೇಲೆ ಬಿದ್ದವು. ಆ ರಾತ್ರಿ ಹೊಟ್ಟೆ ತುಂಬ ಉಂಡೆ. ಕಾಬಾಳೆಯೋ, ಕೊಚ್ಚಿದ ತಿಂಗಳಿಗೆ ಮತ್ತೆ ಚಿಗುರಿ ನಿಂತಿತು. ಎರಡು ಮನೆಯಲ್ಲಿ ಅದಕ್ಕೊಂದಕ್ಕೆ ಮಾತ್ರ ನೆನಪು ಇಲ್ಲ.

ಬೋಜಪ್ಪ ದಿನಾ ಬಾವಿಗೆ ಬರುತ್ತಾನೆ. ಎಡಗೈಯಲ್ಲಿ ಹಗ್ಗ ಎಳೆಯುತ್ತಾನೆ, ಎಳೆದದ್ದನ್ನು ಕಾಲಿನಲ್ಲಿ ಮೆಟ್ಟಿ ಹಿಡಿಯುತ್ತಾನೆ, ಮತ್ತೆ ಬಗ್ಗಿ ಎಳೆಯುತ್ತಾನೆ. ಒಂದು ಕೊಡ ನೀರಿಗೆ ನಾನು ಒಂದು ಎಲೆ ವೀಳ್ಯ ಜಗಿದು ಮುಗಿಸಬಹುದು. ನಾಲ್ಕು ವರ್ಷದಿಂದ ಜಗಲಿಯಲ್ಲಿ ಕುಳಿತು ನೋಡುತ್ತಿದ್ದೇನೆ. ಮೊದಮೊದಲು ನೋಡಿ ತಣ್ಣಗಾಗುತ್ತಿತ್ತು. ಈಗ ಆಗುವುದಿಲ್ಲ. ನೀನು ಬರುವ ಸುದ್ದಿ ಅವರಿಗೂ ಮುಟ್ಟಿದೆ. ಸೀನ ಹೊಸ ಕತ್ತಿ ಮಾಡಿಸಿಕೊಂಡು ಬಂದು ಬಾವಿಕಟ್ಟೆಯ ಕಲ್ಲಿನಲ್ಲಿ, ನನಗೆ ಕಾಣುವ ಹಾಗೆಯೇ, ಮಸೆಯುತ್ತಾನೆ. ನೀನು ಅವನ ಅಪ್ಪನ ಕೈಗೆ ಬಂದರೆ ಅವನು ನಿನ್ನ ಕುತ್ತಿಗೆಗೆ ಬರುತ್ತಾನೆ. ಅವನು ನಿನ್ನ ಹಾಗೆಯೇ, ಹೇಳಿದರೆ ಮಾಡುವವ.

ಇಷ್ಟಾದರೂ ನಾನು ಈ ಕಾಗದ ಬರೆಯುತ್ತಿರಲಿಲ್ಲವೋ ಏನೋ. ಕಳೆದ ವಾರ ಸೀತು ಅಂಗಳದಲ್ಲಿ ಆಡುತ್ತಿದ್ದಳು. ಕೋಲಿನಿಂದ ಕಾಬಾಳೆಯ ದಂಟುಗಳಿಗೆ ಹೊಡೆದು ಹೂವಿನ ತಲೆ ಹಾರಿಸುತ್ತಿದ್ದಳು. ಏನು ಆಟ ಎಂದು ಕೇಳಿದೆ. "ಇದು ಚಿಕ್ಕಜ್ಜನ ಒಂದು ಕೈ. ಇದು ಇನ್ನೊಂದು. ಅಪ್ಪ ಬಂದು ಕಡಿಯುದು" ಎಂದಳು. ನಗುತ್ತಾ ಹೇಳಿದಳು ಮಗಾ. ಬಾವಿಯ ಹತ್ತಿರ ಬೋಜಪ್ಪ ಇದ್ದ, ಅವನಿಗೂ ಕೇಳಿತು. ಅವನು ಹಗ್ಗ ಬಿಟ್ಟುಬಿಟ್ಟ, ಕೊಡ ಒಳಗೆ ಬಿದ್ದ ಶಬ್ದ ಬಂತು. ಬರಿಗೈಯಲ್ಲಿ ಮನೆಗೆ ಹೋದ. ನಾನು ಸೀತುವಿನ ಬೆನ್ನಿಗೆ ಎರಡು ಬಿಟ್ಟೆ. ಮತ್ತೆ ಅವಳನ್ನು ಅಪ್ಪಿ ಹಿಡಿದು ಅತ್ತೆ. ಹೊಡೆತ ಬೀಳಬೇಕಾದದ್ದು ಅವಳಿಗಲ್ಲ.

ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ, ನಿನ್ನ ಸಿಟ್ಟನ್ನು ಅಲ್ಲಿಯೇ ಇಟ್ಟುಕೊಂಡು ನಿನ್ನನ್ನು ಮಾತ್ರ ನಮಗೆ ಕಳುಹಿಸಲಿ. ನಿನ್ನ ಜೊತೆಗಿರುವವರಿಗೂ ಈ ಮುದುಕಿಯ ಆಶೀರ್ವಾದ ಹೇಳು. ಪಂಕಜಾಕ್ಷಿ ನಿನಗಾಗಿ ಹಪ್ಪಳ ಮಾಡಿಟ್ಟಿದ್ದಾಳೆ, ನಾನು ಹೇಳಿದೆನೆಂದು ಹೇಳಬೇಡ.

ಇಂತಿ ನಿನ್ನ ಅವ್ವ,
ತಿಮ್ಮಕ್ಕ

ಮತ್ತೆ: ಇಷ್ಟು ಬರೆದು ಅಂಟಿಸಲು ಅನ್ನದ ಅಗುಳು ತೆಗೆದುಕೊಂಡವಳು ಪುನಃ ಬಿಡಿಸಿದೆ. ಅಂಚೆಯ ಶುಕೂರ್ ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಬೋಜಪ್ಪ ಅಂದು ಕೆಟ್ಟ ಮಾತು ಆಡಿರಲಿಲ್ಲ. ನಗುತ್ತಲೇ ಕೇಳಿದ್ದ: "ಅತ್ತಿಗೇ, ಈ ಕಾಬಾಳೆ ತಾನಾಗಿ ನಡ್ಕೊಂಡು ಬಂದದ್ದಾ, ನೀವು ನಡೆಸಿದ್ದಾ?" ಅಷ್ಟೇ. ನಡೆಸಿದವಳು ನಾನು. ಕೊಡ ತೊಳೆದು ತನ್ನಿ ಎಂದ ವರ್ಷದಿಂದ ಪ್ರತಿ ಮಳೆಗಾಲ ನಮ್ಮ ಕಡೆಯ ಗೆಡ್ಡೆಗಳನ್ನೆಲ್ಲ ಅಗೆದು ಎಸೆಯುತ್ತಿದ್ದೆ, ಬಾವಿಯ ಕಡೆಯದ್ದನ್ನು ಮುಟ್ಟುತ್ತಿರಲಿಲ್ಲ. ಹೊಸ ಮೊಳಕೆ ಆಚೆಗೇ ಬರುತ್ತದೆ. ವರ್ಷಕ್ಕೆ ಒಂದು ಗೇಣು. ಒಂದು ದಿನ ಬಾವಿ ನಮ್ಮ ಅಂಗಳಕ್ಕೆ ಸೇರುತ್ತದೆ ಎಂದು ಹುಚ್ಚಿಯ ಹಾಗೆ ಲೆಕ್ಕ ಹಾಕುತ್ತಿದ್ದೆ. ಬೋಜಪ್ಪ ಅಂದು ನಿನ್ನ ಅಪ್ಪ ನೆಟ್ಟ ಜಾಗಕ್ಕೇ ಸಾಲನ್ನು ವಾಪಸು ತರುತ್ತಿದ್ದ. ಸಿಕ್ಕಿಬಿದ್ದ ನಾಚಿಕೆಗೆ ನಾನು ಬೊಬ್ಬೆ ಹಾಕಿದೆ, ನೀನು ಅದನ್ನು ಮಾನ ಹೋದ ಬೊಬ್ಬೆ ಎಂದುಕೊಂಡಿ. ಅವನು ಕೋರ್ಟಿನಲ್ಲಿ ಇದನ್ನು ಹೇಳಬಹುದಿತ್ತು. ಅಣ್ಣನ ಹೆಂಡತಿ ಕಳ್ಳಿ ಎಂದು ಅಷ್ಟು ಜನರೆದುರು ಹೇಳಲಾರದೆ ಬಾಯಿ ಮುಚ್ಚಿಕೊಂಡ. ನಿನ್ನೆ ಇಡೀ ಸಾಲನ್ನು ಕಿತ್ತು ಹಲಸಿನ ಬುಡದ ನೇರಕ್ಕೆ ನಾನೇ ನೆಟ್ಟಿದ್ದೇನೆ. ನೀನು ಬರುವಾಗ ಕತ್ತಿ ಹಿಡಿದೇ ಬರುವುದಾದರೆ ಬಾವಿಯ ಕಡೆಗೆ ಹೋಗಬೇಡ. ನೇರ ಜಗಲಿಗೆ ಬಾ. ಗೆಡ್ಡೆ ಅಗೆದ ಕೈ ಎರಡೂ ಇಲ್ಲಿಯೇ ಉಂಟು.