ನಲವತ್ತೊಂದು ನಂಬರಿನ ಬೂಟು

ಆನೆಗೊಂದಿ, ತಾಲೂಕು ಗಂಗಾವತಿ
ತಾ. ೧೯-೧-೧೯೮೭

ಪ್ರೀತಿಯ ದುರುಗಪ್ಪಣ್ಣಗ ತಂಗಿ ಮಾರೆವ್ವನ ಶರಣು.

ಅಣ್ಣಾ, ಆರಾಮ ಅದೀಯೇನು? ಎದಿನೋವು ಕಡಿಮಿ ಆತೇನು? ಮುಂಬೈದಾಗ ಬರೇ ಚಾ ಕುಡದು ಹೊತ್ತು ದೂಡಬ್ಯಾಡ, ಹೊಟ್ಟಿತುಂಬ ಊಟ ಮಾಡು. ಅವ್ವಗ ಕೆಮ್ಮು ಐತಿ, ಆದ್ರೂ ಅಡ್ಡಾಡತಾಳ.

ತಮ್ಮ ಹೊಳಿಯಪ್ಪಗ ಬೂಟು ಸರಿ ಆದುವೇನು ಅಂತ ಎರಡೂ ಪತ್ರದಾಗ ಕೇಳಿದಿ. ನಾವು ಹುಬ್ಬಳ್ಳಿ ದವಾಖಾನಿಯಾಗ ಇದ್ವಿ, ಉತ್ತರ ಬರಿಯಾಕ ಆಗಲಿಲ್ಲ. ಈಗ ಹೊಳಿಯಪ್ಪ, "ಅಣ್ಣಗ ಎಲ್ಲಾ ಬರಿ ಯಕ್ಕಾ, ಬರದಾಂಗ ಓದಿ ಹೇಳು" ಅಂತ ನನ್ನ ಎದುರಿಗೆ ಕುಂತಾನ.

ಕಲ್ಲು ಹತ್ತಾಕ ಬಂದಿದ್ದ ಪರದೇಶದ ಸಾಹೇಬ ಅವಗ ತನ್ನ ಬೂಟು ಕೊಟ್ಟು ಹೋಗಿದ್ದು ನಿನಗ ಗೊತ್ತು. ಒಳಗ ೪೧ ಅಂತ ನಂಬರು. ಬೆರಳು ಮಡಚಿಕೊಳ್ಳುವಷ್ಟು ಬಿಗಿ, ಆದ್ರ ಬಂಡೆಗಲ್ಲಿಗೆ ಹಲ್ಲಿ ಹಂಗ ಅಂಟತಿದ್ವು. ಅವು ಹರದ ಮ್ಯಾಲೆ ಅದ ನಂಬರು ನಿನಗ ಬರದು ಕಳಿಸಿದ. ನೀ ಮುಂಬೈಯೆಲ್ಲಾ ತಿರುಗಿ ಕಳಿಸಿದ ಜೋಡಿನ್ಯಾಗೂ ೪೧ ಅಂತನ ಇತ್ತು. ಕಂಪನಿ ಬ್ಯಾರೆ. ಹಾಕ್ಕೊಂಡ್ರ ಹಿಮ್ಮಡದಾಗ ನನ್ನ ಬೆರಳು ಸರಾಗ ಇಳೀತು. "ನಂಬರು ಒಂದ ಐತಿ ಯಕ್ಕಾ, ಅಳತಿ ಒಂದಲ್ಲ. ಕಂಪನಿಗೊಂದು ಲೆಕ್ಕ" ಅಂತ ನಕ್ಕ. ಹೊಳ್ಳಿ ಕಳಿಸು ಅಂದೆ. "ಅಣ್ಣ ಅಷ್ಟು ತಿರುಗ್ಯಾಡಿ ಕಳಿಸ್ಯಾನ, ಹೆಂಗ ಒಲ್ಲೆ ಅನ್ನಲಿ?" ಅಂದು ಮುಂದ ಹರಕು ಅರಬಿ ತುಂಡು ತುರುಕಿ ಹಾಕ್ಕೊಂಡ.

ದೀಪಾವಳಿ ಆದಮ್ಯಾಲೆ ಇಬ್ಬರು ಪರದೇಶದವರನ್ನ ಕರ್ಕೊಂಡು ಗುಡ್ಡಕ್ಕ ಹೋದ. ಸಣ್ಣ ಅಂಚಿನ ಮ್ಯಾಲೆ ಬಲಗಾಲು ಊರಿದಾಗ ಬೂಟು ಅಲ್ಲೇ ನಿಂತು ಒಳಗಿನ ಪಾದ ತಿರುಗಿತಂತ. ಕೆಳಗ ಕಲ್ಲಿನ ಸಂದಿನ್ಯಾಗ ಬಿದ್ದು ಕಾಲು ಮುರಕೊಂಡ. ಗಂಗಾವತಿಯಾಗ ಕಟ್ಟು ಹಾಕಿಸಿದ್ವಿ. ಪಾದ ಕರ್ರಗ ಆತು. ಹುಬ್ಬಳ್ಳಿಗೆ ಒಯ್ದಾಗ ಡಾಕ್ಟರು, "ಜೀವ ಬೇಕಂದ್ರ ಕಾಲಿನ ಆಸೆ ಬಿಡ್ರಿ" ಅಂದ್ರು. ಮೊಣಕಾಲಿನ ಕೆಳಗ ತಗದ್ರು, ಅಣ್ಣಾ. ಅವ್ವ ಉಳಿದ ಪಾದ ಸೆರಗಿನ್ಯಾಗ ಹಿಡ್ಕೊಂಡು ಕುಂತಬಿಟ್ಟಳು. ಯಾರು ಕರದ್ರೂ ಏಳಲಿಲ್ಲ.

"ಅಣ್ಣನ ತಪ್ಪಲ್ಲ ಅಂತ ದೊಡ್ಡ ಅಕ್ಷರದಾಗ ಬರಿ" ಅನ್ನಾಕತ್ಯಾನ. ನಿನ್ನ ತಪ್ಪಲ್ಲ. "ಈಗ ಆರಾಮ ಅದೀನಿ, ಕೆಲಸ ಬಿಟ್ಟು ಓಡಿ ಬರೋದು ಬ್ಯಾಡ" ಅಂತನೂ ಬರಿ ಅಂದ. ಬರದೀನಿ.

ಹುಲಿಗೆಮ್ಮ ನಿನ್ನ ಕಾಯಲಿ ಅಂತ ಅವ್ವ ಹೇಳ್ಯಾಳ.

ನಿನ್ನ ತಂಗಿ,
ಮಾರೆವ್ವ

ತಾ.ಕ.: ಇದನ್ನ ಟಪಾಲ ಕಚೇರಿ ಕಟ್ಟಿಮ್ಯಾಲೆ ಕುಂತು ಬರಿಯಾಕತ್ತೀನಿ, ಅವಗ ಗೊತ್ತಿಲ್ಲ. ನಿನ್ನ ತಪ್ಪಲ್ಲ ಅನ್ನೋದು ಖರೇ. ಆರಾಮ ಅನ್ನೋದು ಸುಳ್ಳು. ಮೊನ್ನೆ ತನ್ನ ರೇಡಿಯೋ ಬಾಜೂ ಮನಿ ಗೌಸಬೀಗ ಕೊಟ್ಟ. ಛಲೋ ಅಂಗಿಯೆಲ್ಲಾ ಗೆಳ್ಯಾರಿಗೆ ಹಂಚಿದ. ನಿನ್ನೆ ಸುಮ್ಮಸುಮ್ಮನ ಅವ್ವನ ಕಾಲು ಮುಟ್ಟಿದ. ಅವ್ವಗ ಖುಷಿ ಆತು. ಜೀವಕ್ಕ ಏನರ ಮಾಡ್ಕೊಂಡಾನು ಅಂತ ನನಗ ಅಂಜಿಕಿ. ಅವನ್ನ ಒಬ್ಬನ್ನ ಬಿಡವಲ್ಲೆ, ಈಗ ಗೌಸಬೀನ ಅವನ ಹತ್ರ ಕೂಡ್ರಿಸಿ ಬಂದೀನಿ. ನನ್ನ ಮಾತು ಅವನ ಕಿವಿಗೆ ಹೋಗಂಗಿಲ್ಲ, ನಿನ್ನ ಮಾರಿ ನೋಡಬೇಕಂವ. ಇಲ್ಲಿಂದನ ತಾರು ಕಳಸಾಕತ್ತೀನಿ, ಅದರಾಗ ಬಾ ಅಂತ ಅಷ್ಟ ಇರ್ತೈತಿ. ಈ ಪತ್ರ ನಿನ್ನ ಖೋಲಿಗೆ ಮುಟ್ಟಿದಾಗ ಓದಾಕ ನೀ ಅಲ್ಲಿ ಇರಬಾರದು.