ಎರಡು ದಿನ ಮುಚ್ಚಿದ್ದ ಬಾಗಿಲು

ಗದಗ, ಕ್ರಿ.ಶ. ೨೧೫೮, ಆಷಾಢ ಬಹುಳ ನವಮಿ

ಮುತ್ತಜ್ಜ ಮುತ್ತಜ್ಜಿಯರೇ,

ಮೇಲಿನ ತಾರೀಖನ್ನು ನೀವು ನಂಬಲಾರಿರಿ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು. ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ.

ನಮ್ಮಲ್ಲಿ ಪ್ರತಿ ಓಣಿಗೂ ಒಬ್ಬರು ಕಣ್ಣಾಳು ಇರುತ್ತಾರೆ. ಕಂಡದ್ದನ್ನು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳುವುದೇ ಅವರ ಉದ್ಯೋಗ. ಮದುವೆಗೆ, ಮನೆ ಮಾರಾಟಕ್ಕೆ, ಕೊನೆಗೆ ಕೂಸಿಗೆ ನೀರೆರೆಯುವುದಕ್ಕೂ ಅವರನ್ನು ಕರೆದು ಕೂರಿಸಿಕೊಳ್ಳುತ್ತೇವೆ. ನಮ್ಮ ಓಣಿಯ ಕಣ್ಣಾಳು ಶಿವಗಂಗವ್ವ ಬೆಳಗಾದರೆ ಬಚ್ಚಲ ಬಾಗಿಲಿಗೆ ಮಣೆ ಹಾಕಿಕೊಂಡು ಕೂತು, "ಕಾಲೇಜು ಕಲ್ತೀನಿ ಅಂತಿ, ಕೂಸಿನ ಕುತ್ತಿಗಿ ಹಿಡ್ಯಾಕ ಬರಂಗಿಲ್ಲಲ್ಲ ತಂಗಿ!" ಎಂದು ಛೇಡಿಸುತ್ತಾಳೆ.

ನಾನು ತಪ್ಪಿದ್ದು ಒಮ್ಮೆ. ಎರಡು ತಿಂಗಳ ಮಗಳು ಸುಮೇಧಾಗೆ ನೆಗಡಿಯಾಯಿತೆಂದು, ಥಂಡಿ ಗಾಳಿಗೆ ಹೆದರಿ ಎರಡು ದಿನ ಬಾಗಿಲು ಹಾಕಿಕೊಂಡೆ. ಶಿವಗಂಗವ್ವನನ್ನೂ ಒಳಗೆ ಬಿಡಲಿಲ್ಲ. ಮೂರನೆಯ ದಿನ, ಆ ಎರಡು ದಿನಗಳಲ್ಲಿ ತೆಗೆದದ್ದೆಂದು, ವಿಡಿಯೋ ಒಂದು ಊರೆಲ್ಲ ತಿರುಗಿತು. ನನ್ನದೇ ಮುಖ, ನನ್ನದೇ ದನಿ, ನನ್ನ ಹಳದಿ ನೈಟಿ. ಮಗಳ ರಟ್ಟೆ ಹಿಡಿದು ಜಾಡಿಸುತ್ತಿದ್ದೇನೆ, ಬಾಯಿಗೆ ಬಟ್ಟೆ ತುರುಕುತ್ತಿದ್ದೇನೆ. ಮೈಮೇಲೆ ಒಂದು ಗೀರೂ ಇಲ್ಲದ ಕೂಸನ್ನು ಎತ್ತಿ ತೋರಿಸಿದೆ. "ಗಾಯ ಮಾಸಿರಬಹುದು" ಎಂದರು ವಿಚಾರಿಸಲು ಬಂದ ಅಧಿಕಾರಿ. ನಾಳೆ ವಿಚಾರಣೆ. ಸೋತರೆ ಮಗಳು ಸರ್ಕಾರದ ಶಿಶುಮಂದಿರಕ್ಕೆ. ಹನ್ನೊಂದು ದಿನದಿಂದ ನನಗೆ ನಿದ್ದೆಯಿಲ್ಲ.

ವಿಡಿಯೋ ಸುಳ್ಳೆಂದು ನಾನೇ ರುಜುವಾತು ಮಾಡಬೇಕಂತೆ. ಆ ಕಾನೂನು ನಿಮ್ಮ ಮೊಮ್ಮಕ್ಕಳ ಕಾಲದ್ದು. ಕಾರಣ ಮಾತ್ರ ನೀವು. ಸಿಕ್ಕಿಬಿದ್ದ ಕಳ್ಳರೆಲ್ಲ "ಅದು ನಾನಲ್ಲ, ಡೀಪ್‌ಫೇಕ್" ಎಂದರು. ನಿಮ್ಮ ಜಾತಿಯವನಾದರೆ, ಪಕ್ಷದವನಾದರೆ, ಹೌದೆಂದು ಚಪ್ಪಾಳೆ ತಟ್ಟಿದಿರಿ. ಪಕ್ಕದ ಮನೆ ಹುಡುಗಿಯ ಬೆತ್ತಲೆ ಚಿತ್ರ ಬಂದಾಗ, ಸುಳ್ಳೆಂದು ಗೊತ್ತಿದ್ದೂ, "ಏನೂ ಇಲ್ಲದೆ ಯಾರಾದರೂ ಮಾಡ್ತಾರಾ?" ಎಂದು ನಾಲ್ಕು ಗ್ರೂಪಿಗೆ ದಾಟಿಸಿ ಚಹಾ ಕುಡಿದಿರಿ. ಓದಿದವರು ನೀವು! ಬೆಳಿಗ್ಗೆದ್ದು ಸುಭಾಷಿತ ಕಳಿಸುತ್ತಿದ್ದವರು! ಬೇಸತ್ತ ಕೋರ್ಟುಗಳು ಕೊನೆಗೆ ಸುಳ್ಳೆನ್ನುವವರ ಮೇಲೆಯೇ ಭಾರ ಹೊರಿಸಿದವು. ಕಳ್ಳರು ವಕೀಲರನ್ನಿಟ್ಟುಕೊಂಡರು. ನಾವು ಹೆಂಗಸರು ಕಣ್ಣಾಳಿಗೆ ಬಚ್ಚಲ ಬಾಗಿಲು ತೆರೆದಿಟ್ಟುಕೊಂಡೆವು.

ಇವತ್ತು ಸಂಜೆ ಶಿವಗಂಗವ್ವ ಬಂದಿದ್ದಳು. ಮೂವತ್ತು ವರ್ಷದಲ್ಲಿ ಕಾಣದ್ದನ್ನು ಕಂಡೆನೆಂದವಳಲ್ಲ. ತೊಟ್ಟಿಲು ತೂಗುತ್ತ, "ಎರಡೂ ದಿನ ನಾ ಇಲ್ಲೇ ಕುಂತಿದ್ದೆ ಅಂತ ಹೇಳ್ತೀನಿ. ನೀ ಸುಮ್ಕ ಗೋಣು ಹಾಕು" ಎಂದಳು. ಆಗ ಅವಳು ನನ್ನ ಮುಖ ನೋಡಲಿಲ್ಲ.

ಗೋಣು ಹಾಕುತ್ತೇನೆ. ಸತ್ಯ ಹೇಳಿ ಮಗಳನ್ನು ಉಳಿಸಿಕೊಳ್ಳುವ ದಾರಿಯನ್ನು ನೀವು ನಮಗೆ ಬಿಟ್ಟುಹೋಗಿಲ್ಲ. ಹಿರಿಯರೆಂದು ನಿಮಗೆ ನಮಸ್ಕಾರ ಬರೆಯಬೇಕು, ಕೈ ಏಳುತ್ತಿಲ್ಲ.

ನೀಲಾಂಬಿಕಾ ಕಬ್ಬೂರ